ಎಪ್ಪತ್ತಕ್ಕೆ ಎಷ್ಟು? ನಾಣ್ಯಗಳಿಗೆ ಮಾರ್ಕ್ಸ್ ಹಾಕಿದ ಶೆಲ್ಡನ್‌ನ ಕಥೆ

ಜಿಮ್‌ಗೆ ಹೋಗುವ ಹುಡುಗರಿಗೆಲ್ಲ ಮೂರು ಪದ ಗೊತ್ತಿರುತ್ತವೆ. ಎಷ್ಟು ತಿಂದ್ರೂ ಮೈಗೆ ಹತ್ತದ ಕಡ್ಡಿ ಪೈಲ್ವಾನ ಎಕ್ಟೋಮಾರ್ಫ್. ಎರಡು ತಿಂಗಳು ಡಂಬೆಲ್ಸ್ ಎತ್ತಿದ್ರೆ ಸಾಕು ಮೈಕಟ್ಟು ಬರೋನು ಮೀಸೋಮಾರ್ಫ್. ಬರೀ ನೀರು ಕುಡಿದ್ರೂ ಹೊಟ್ಟೆ ಬರೋನು ಎಂಡೋಮಾರ್ಫ್. ಇನ್ನು ಹಳೇ ನಾಣ್ಯ ಕೂಡಿಡುವ ಗೆಳೆಯರು ಯಾರಾದ್ರೂ ಇದ್ದರೆ ಅವರ ಭಾಷೆಯೇ ಬೇರೆ. ಇದು ವಿಎಫ್-30, ಅದು ಎಂಎಸ್-63 ಅಂತೆಲ್ಲ ಮಾತಾಡ್ತಾರೆ. ಬೆಂಗಳೂರಿನ ನಾಣ್ಯ ಮೇಳಗಳಲ್ಲೂ ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂತ ವಿಕ್ಟೋರಿಯಾ ರಾಣಿಯ ರೂಪಾಯಿಯ ಮೇಲೆ ಇಂಥ ನಂಬರ್ ಕಾಣುತ್ತೆ.

ಜಿಮ್ಮಿನ ಆ ಮೂರು ಪದ, ನಾಣ್ಯದ ಈ ನಂಬರ್, ಎರಡೂ ಒಬ್ಬನೇ ಮನುಷ್ಯನ ತಲೆಯಿಂದ ಬಂದವು ಅಂದ್ರೆ ನಂಬ್ತೀರಾ? ಅವನೇ ವಿಲಿಯಂ ಹರ್ಬರ್ಟ್ ಶೆಲ್ಡನ್. ವೃತ್ತಿಯಿಂದ ಮನಃಶಾಸ್ತ್ರಜ್ಞ ಮತ್ತು ವೈದ್ಯ. ಹವ್ಯಾಸದಿಂದ ತನ್ನ ಕಾಲದ ಬಹು ದೊಡ್ಡ ನಾಣ್ಯ ಪರೀಕ್ಷಕ. ಇನ್ನೂ ಒಂದು ಬಿರುದು ಅವನಿಗಿದೆ, ಅದನ್ನು ಕೊನೆಗೆ ಹೇಳ್ತೀನಿ.

ಶೆಲ್ಡನ್ ಹುಟ್ಟಿದ್ದು 1898ರ ನವೆಂಬರ್ 19ರಂದು, ಅಮೆರಿಕದ ರೋಡ್ ಐಲೆಂಡ್ ರಾಜ್ಯದ ವಾರ್ವಿಕ್‌ನಲ್ಲಿ. ಅಪ್ಪನಿಗೆ ಕಾಡು, ಪ್ರಾಣಿ, ಪಕ್ಷಿಗಳ ಬಗ್ಗೆ ಅಪಾರ ತಿಳಿವಳಿಕೆ. ಬೇಟೆಗೆ ಬಂದವರಿಗೆ ದಾರಿ ತೋರಿಸುತ್ತಿದ್ದ. ಅಮ್ಮ ಊರಿನ ಸೂಲಗಿತ್ತಿ. ಹುಡುಗ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಓದಿ, 1920ರ ದಶಕದಲ್ಲಿ ಷಿಕಾಗೋದಲ್ಲಿ ಮನಃಶಾಸ್ತ್ರದ ಪಿಎಚ್‌ಡಿ ಮಾಡಿದ. ಅಷ್ಟಕ್ಕೇ ಸಾಕೆನಿಸದೆ 1933ರಲ್ಲಿ ಅಲ್ಲೇ ವೈದ್ಯಕೀಯ ಪದವಿಯನ್ನೂ ಪಡೆದ.

ಅವನ ತಲೆಯಲ್ಲಿದ್ದ ಪ್ರಶ್ನೆ ಒಂದೇ: ಕಣ್ಣಿಗೆ ಕಾಣುವುದನ್ನು ನಂಬರ್ ಆಗಿ ಬರೆಯಬಹುದಾ? ಮೊದಲು ಅದನ್ನು ಮನುಷ್ಯರ ಮೇಲೆ ಪ್ರಯೋಗಿಸಿದ. ಸುಮಾರು 4000 ಕಾಲೇಜು ಹುಡುಗರನ್ನು ಬಟ್ಟೆಯಿಲ್ಲದೆ ನಿಲ್ಲಿಸಿ ತೆಗೆದ ಫೋಟೋಗಳನ್ನು ಜೋಡಿಸಿಕೊಂಡ. ಮುಂದಿನಿಂದ ಒಂದು, ಪಕ್ಕದಿಂದ ಒಂದು, ಹಿಂದಿನಿಂದ ಒಂದು. ಕೊಬ್ಬು, ಸ್ನಾಯು, ಸಣಕಲುತನ, ಈ ಮೂರಕ್ಕೂ 1ರಿಂದ 7ರವರೆಗೆ ಅಂಕ ಕೊಟ್ಟ. ಬರೀ ಸ್ನಾಯುವೇ ತುಂಬಿದ ದೇಹ 1-7-1. ಇದೇ 1940ರಲ್ಲಿ ಪುಸ್ತಕವಾಗಿ ಬಂತು. ಅಲ್ಲಿಗೇ ನಿಂತಿದ್ದರೆ ತೊಂದರೆ ಇರಲಿಲ್ಲ. ಮೈಕಟ್ಟು ನೋಡಿ ಸ್ವಭಾವ ಹೇಳಬಹುದು, ಈ ಅಂಕ ಜೀವನಪೂರ್ತಿ ಬದಲಾಗದು ಅಂತಲೂ ವಾದಿಸಿದ. ಮನುಷ್ಯರ ತಳಿಯನ್ನೇ ಸುಧಾರಿಸಬೇಕು ಎಂಬ, ಇವತ್ತು ನಾವು ಒಪ್ಪದ ವಿಚಾರಗಳ ಕಡೆಗೂ ವಾಲಿದ. 1950ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹುಡುಗಿಯರ ಇಂಥ ಫೋಟೋ ತೆಗೆಯಲು ಹೋದಾಗ ಪೋಷಕರಿಂದ ಗಲಾಟೆಯಾಗಿ, ಫೋಟೋಗಳನ್ನು ಸುಟ್ಟು ಹಾಕಿದರು. ಅವನ ಸ್ವಭಾವದ ಸಿದ್ಧಾಂತವನ್ನು ಮನಃಶಾಸ್ತ್ರಜ್ಞರು ಕೈಬಿಟ್ಟು ಎಷ್ಟೋ ಕಾಲವಾಯ್ತು. ಮೂರು ಪದ ಮಾತ್ರ ಜಿಮ್‌ಗಳಲ್ಲಿ ಉಳಿದುಕೊಂಡಿವೆ.

ಈಗ ನಾಣ್ಯಕ್ಕೆ ಬರೋಣ. 1949ರಲ್ಲಿ ಶೆಲ್ಡನ್‌ನ ಎರಡು ಪುಸ್ತಕ ಬಂದವು. ಒಂದರಲ್ಲಿ ಬಾಸ್ಟನ್‌ನ 200 ದಾರಿ ತಪ್ಪಿದ ಹುಡುಗರಿಗೆ ಅಂಕ ಕೊಟ್ಟಿದ್ದ. ಇನ್ನೊಂದರಲ್ಲಿ ತಾಮ್ರದ ಸೆಂಟುಗಳಿಗೆ. ಎರಡನೆಯದರ ಹೆಸರು 'ಅರ್ಲಿ ಅಮೆರಿಕನ್ ಸೆಂಟ್ಸ್'.

ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ 1793ರಿಂದ 1814ರವರೆಗೆ ತಯಾರಾದ ದೊಡ್ಡ ಸೆಂಟುಗಳೇ ಅವನ ವಿಷಯ. ಮೊದಮೊದಲು ಒಂದೊಂದೂ 208 ಗ್ರೇನ್, ಅಂದರೆ ಸುಮಾರು 13.5 ಗ್ರಾಂ ತೂಕದ ತಾಮ್ರದ ಬಿಲ್ಲೆ. ಆ ಕಾಲದಲ್ಲಿ ಅಚ್ಚುಗಳನ್ನು ಕೈಯಲ್ಲೇ ಕೆತ್ತುತ್ತಿದ್ದರು. ಹಾಗಾಗಿ ಒಂದು ಅಚ್ಚಿನಂತೆ ಇನ್ನೊಂದಿಲ್ಲ. ಕೂದಲಿನ ಎಳೆ, ಎಲೆಯ ತುದಿ, ಅಂಕಿಗಳ ನಡುವಿನ ಅಂತರ, ಎಲ್ಲ ಬೇರೆ ಬೇರೆ. 1794ರ ಒಂದು ಸೆಂಟಿನ ಹಿಂಬದಿಯ ಅಂಚಿನಲ್ಲಂತೂ 94 ಪುಟಾಣಿ ನಕ್ಷತ್ರಗಳಿವೆ! ಯಾಕೆ ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಶೆಲ್ಡನ್ ಈ ಬಗೆಗಳನ್ನೆಲ್ಲ ವಿಂಗಡಿಸಿ ಎಸ್-1ರಿಂದ ಎಸ್-295ರವರೆಗೆ ನಂಬರ್ ಕೊಟ್ಟ. ಆ ನಕ್ಷತ್ರದ ನಾಣ್ಯ ಎಸ್-48. ಎಸ್ ಅಂದರೆ ಶೆಲ್ಡನ್ ಅಂತಲೇ ಅರ್ಥ. ಇವತ್ತಿಗೂ ಅದೇ ನಂಬರ್ ಬಳಕೆಯಲ್ಲಿದೆ.

ಬಗೆ ಗೊತ್ತಾಯ್ತು, ಸರಿ. ಆದರೆ ಅದೇ ಬಗೆಯ ಎರಡು ನಾಣ್ಯಗಳಲ್ಲಿ ಯಾವುದು ಚೆನ್ನಾಗಿದೆ ಅಂತ ಹೇಳೋದು ಹೇಗೆ? ಅಲ್ಲಿಯವರೆಗೆ ವ್ಯಾಪಾರಿಗಳು ಗುಡ್, ಫೈನ್, ವೆರಿ ಫೈನ್ ಅಂತ ಬಾಯಿಗೆ ಬಂದಂತೆ ಹೇಳುತ್ತಿದ್ದರು. ಮಾರುವವನ ಫೈನ್ ಕೊಳ್ಳುವವನಿಗೆ ಗುಡ್ ಆಗಿ ಕಾಣುವುದು ಸಹಜ ತಾನೇ.

ನಾಣ್ಯದ ಸ್ಥಿತಿ ನೋಡುವುದೂ ಒಂಥರಾ ಮೆಟೀರಿಯಲ್ ಸೈನ್ಸೇ. ಅಚ್ಚು ಬಡಿದಾಗ ಲೋಹ ಹೊರಮುಖವಾಗಿ ಹರಿದು ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಮೂಡುತ್ತವೆ. ದೀಪದ ಕೆಳಗೆ ನಾಣ್ಯವನ್ನು ವಾಲಿಸಿದರೆ ಬೆಳಕು ಚಕ್ರದ ಕಡ್ಡಿಗಳಂತೆ ತಿರುಗುವುದು ಈ ಗೆರೆಗಳಿಂದಲೇ. ಕೈಯಿಂದ ಕೈಗೆ ಹೋದ ಹಾಗೆ ಮೊದಲು ಸವೆಯೋದು ಎತ್ತರದ ಜಾಗಗಳು. ಸೆಂಟಿನಲ್ಲಾದರೆ ಮುಂಬದಿಯ ಹೆಣ್ಣುಮುಖದ ಕೂದಲು, ಹಿಂಬದಿಯ ಮಾಲೆಯ ಎಲೆಗಳು. ಅಲ್ಲಿ ಹೊಳಪು ಹೋಗಿ ಬಣ್ಣ ಬದಲಾಗಿದ್ದರೆ ನಾಣ್ಯ ಚಲಾವಣೆಯಾಗಿದೆ ಅಂತ ಲೆಕ್ಕ. ಆದರೆ ಹುಷಾರು: ಅಚ್ಚು ಸರಿಯಾಗಿ ಬೀಳದಿದ್ದರೂ ಆ ಜಾಗ ಮೊಂಡಾಗಿಯೇ ಕಾಣುತ್ತೆ. ಅದು ಸವೆತ ಅಲ್ಲ, ಹುಟ್ಟಿನಿಂದ ಬಂದದ್ದು. ಇದನ್ನು ಬೇರ್ಪಡಿಸಿ ನೋಡುವ ಕಣ್ಣು ಬರಲು ವರ್ಷಗಳೇ ಬೇಕು. ಶೆಲ್ಡನ್‌ಗೆ ಆ ಕಣ್ಣು ಇತ್ತು.

ಅವನು ಮಾಡಿದ್ದು ಹೀಗೆ. ಯಾವ ಬಗೆ, ಯಾವ ವರ್ಷ ಅಂತ ಗುರುತು ಸಿಗುವಷ್ಟೇ ಉಳಿದು, ಬಾಕಿಯೆಲ್ಲ ಸವೆದ ನಾಣ್ಯಕ್ಕೆ 1. ಟಂಕಸಾಲೆಯಿಂದ ಈಗಷ್ಟೇ ಬಂದಂತಿರುವ ಪರಿಪೂರ್ಣ ನಾಣ್ಯಕ್ಕೆ 70. ನಡುವೆ ಗುಡ್‌ಗೆ 4ರಿಂದ, ಫೈನ್‌ಗೆ 12, ವೆರಿ ಫೈನ್‌ಗೆ 20, ಎಕ್ಸ್‌ಟ್ರಾ ಫೈನ್‌ಗೆ 40, ಚಲಾವಣೆಯೇ ಆಗದ ಮಿಂಟ್ ಸ್ಟೇಟ್‌ಗೆ 60ರಿಂದ ಮೇಲೆ.

100 ಬಿಟ್ಟು 70 ಯಾಕೆ ಅಂತ ನಿಮಗೂ ಅನಿಸಿರಬೇಕು. ಉತ್ತರ ಇರುವುದು ಮಾರುಕಟ್ಟೆಯಲ್ಲಿ. ಆಗ 1794ರ ಪೂರ್ತಿ ಸವೆದ ಸೆಂಟಿಗೆ ಒಂದು ಡಾಲರ್ ಇದ್ದರೆ, ಅತ್ಯುತ್ತಮವಾದದ್ದಕ್ಕೆ ಸುಮಾರು 70 ಡಾಲರ್ ಇತ್ತು. ಅಷ್ಟೇ. ಪ್ರತಿ ಬಗೆಗೂ ಒಂದು ಮೂಲಬೆಲೆ ಇಟ್ಟುಕೋ, ಅದನ್ನು ಗ್ರೇಡಿನಿಂದ ಗುಣಿಸು, ನಾಣ್ಯದ ಬೆಲೆ ಬಂತು! ಗ್ರೇಡ್ 40ರ ನಾಣ್ಯದ ಬೆಲೆ ಗ್ರೇಡ್ 20ರ ನಾಣ್ಯದ ಸರಿಯಾಗಿ ಎರಡು ಪಟ್ಟು. ನಮ್ಮಂಥವರಿಗೆ ಇಷ್ಟವಾಗುವಂಥ ಫಾರ್ಮುಲಾ.

ಆದರೆ ಫಾರ್ಮುಲಾ ಬಹಳ ದಿನ ಬಾಳಲಿಲ್ಲ. ಕೆಲವೇ ವರ್ಷಗಳಲ್ಲಿ ಒಳ್ಳೆಯ ನಾಣ್ಯಗಳ ಬೆಲೆ ಗಗನಕ್ಕೇರಿತು, ಸವೆದವು ಹಿಂದೆ ಉಳಿದವು. ಗುಣಾಕಾರ ಸತ್ತುಹೋಯ್ತು, ನಂಬರ್ ಮಾತ್ರ ಬದುಕಿತು. 1970ರ ದಶಕದಲ್ಲಿ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಅಸೋಸಿಯೇಷನ್ ಇದನ್ನು ಅಮೆರಿಕದ ಎಲ್ಲ ನಾಣ್ಯಗಳಿಗೂ ವಿಸ್ತರಿಸಿತು. 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಎಂಬ ಕಂಪನಿಗಳು ನಾಣ್ಯ ಪರೀಕ್ಷಿಸಿ, ನಂಬರ್ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡುವ ಕೆಲಸ ಶುರು ಮಾಡಿದವು. ಶೆಲ್ಡನ್ 60, 65, 70 ಅಂತ ಮೂರೇ ಮೆಟ್ಟಿಲು ಇಟ್ಟಿದ್ದ ಜಾಗದಲ್ಲಿ ಈಗ 60ರಿಂದ 70ರವರೆಗೆ ಹನ್ನೊಂದು ಮೆಟ್ಟಿಲುಗಳಿವೆ. ಕೆಳಗಡೆ ಮಾತ್ರ 20 ಆದ ಮೇಲೆ 25, ಆಮೇಲೆ 30. ಅಂದ್ರೆ ಇದು ಥರ್ಮಾಮೀಟರ್ ಥರದ ಅಳತೆ ಅಲ್ಲ, ರ‍್ಯಾಂಕ್ ಪಟ್ಟಿ ಥರದ್ದು. 64ಕ್ಕಿಂತ 65 ಚೆನ್ನಾಗಿದೆ ಅನ್ನೋದಷ್ಟೇ ಅದರ ಅರ್ಥ. ಎಷ್ಟು ಚೆನ್ನಾಗಿದೆ ಅಂತ ಆ ನಂಬರ್ ಹೇಳಲ್ಲ. ಆದರೂ ಆ ಒಂದೇ ಒಂದು ಅಂಕಕ್ಕೆ ಬೆಲೆ ಹಲವು ಪಟ್ಟು ಏರುವುದುಂಟು.

ಈಗ ಆ ಕೊನೆಯ ಬಿರುದು. ಶೆಲ್ಡನ್ 1940ರ ದಶಕದ ಕೊನೆಯಿಂದ ನ್ಯೂಯಾರ್ಕಿನಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಕೆಲಸ ಮಾಡುತ್ತಿದ್ದ. ಅಲ್ಲಿಂದ ಸುಮಾರು ಒಂದು ಕಿಲೋಮೀಟರ್ ದೂರದಲ್ಲೇ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಕಟ್ಟಡ. ಪಿಟ್ಸ್‌ಬರ್ಗ್‌ನ ಅಲ್ಯೂಮಿನಿಯಂ ಉದ್ಯಮಿ ಜಾರ್ಜ್ ಕ್ಲ್ಯಾಪ್ ತನ್ನ ಅಪರೂಪದ ಸೆಂಟುಗಳ ಸಂಗ್ರಹವನ್ನು ಈ ಸೊಸೈಟಿಗೆ ದಾನವಾಗಿ ಕೊಟ್ಟಿದ್ದ. ಅದನ್ನು ಕೂತು ನೋಡಲು ಶೆಲ್ಡನ್‌ನಂಥ ವಿದ್ವಾಂಸನಿಗೆ ಅಡ್ಡಿಯಾದರೂ ಯಾಕೆ ಇರುತ್ತೆ? ಅವನು ಅಧ್ಯಯನ ಮಾಡಿದ. ಮಾಡುತ್ತಲೇ, ಸೊಸೈಟಿಯ ಒಳ್ಳೆಯ ನಾಣ್ಯ ಜೇಬಿಗೆ ಹಾಕಿಕೊಂಡು ಅದೇ ಬಗೆಯ ತನ್ನ ಸವೆದ ನಾಣ್ಯವನ್ನು ಆ ಜಾಗದಲ್ಲಿಟ್ಟ. ಒಂದೆರಡಲ್ಲ, 129 ನಾಣ್ಯಗಳು.

ಈ ಕಳ್ಳತನ ಯಾಕೆ ಯಾರ ಕಣ್ಣಿಗೂ ಬೀಳಲಿಲ್ಲ ಅಂತ ಯೋಚಿಸಿ. ಸೊಸೈಟಿಯವರು ಎಣಿಸಿದರೆ ನಾಣ್ಯಗಳ ಸಂಖ್ಯೆ ಸರಿಯಾಗಿದೆ. ಎಸ್ ನಂಬರ್ ನೋಡಿದರೆ ಅದೂ ಸರಿ. ಕಡಿಮೆಯಾಗಿರೋದು ಗ್ರೇಡ್ ಮಾತ್ರ. ಮೂಲಬೆಲೆ 2 ಡಾಲರ್ ಇರುವ ಬಗೆಯಲ್ಲಿ ಗ್ರೇಡ್ 50ರದ್ದನ್ನು ತೆಗೆದು 20ರದ್ದನ್ನು ಇಟ್ಟರೆ, ಅವನದೇ ಫಾರ್ಮುಲಾ ಪ್ರಕಾರ 60 ಡಾಲರ್ ಲಾಭ. ಗ್ರೇಡ್ ಕಡಿಮೆಯಾಗಿದೆ ಅಂತ ಕಂಡುಹಿಡಿಯಬೇಕಾದರೆ ಪಳಗಿದ ಕಣ್ಣು ಬೇಕು. ಆ ಕಾಲದಲ್ಲಿ ಅಂಥ ಕಣ್ಣು ಯಾರಿಗಿದೆ ಅಂದರೆ ಎಲ್ಲರೂ ತೋರಿಸುತ್ತಿದ್ದದ್ದು ಶೆಲ್ಡನ್‌ನನ್ನೇ!

1972ರಲ್ಲಿ ಅವನು ತನ್ನ ಸಂಗ್ರಹವನ್ನು ಕ್ಯಾಲಿಫೋರ್ನಿಯಾದ ಒಬ್ಬ ಸಂಗ್ರಾಹಕನಿಗೆ ಮಾರಿದ. 1977ರಲ್ಲಿ, ಯಾರಿಗೂ ಉತ್ತರ ಕೊಡಬೇಕಾದ ಪ್ರಸಂಗ ಬರದೆ, ತೀರಿಕೊಂಡ. ಅವನ ಗುಟ್ಟು ರಟ್ಟು ಮಾಡಿದ್ದು ಹಳೆಯ ಫೋಟೋಗಳು. ಕ್ಲ್ಯಾಪ್‌ನ ನಾಣ್ಯಗಳ ಚಿತ್ರಗಳು ಮೊದಲೇ ಇದ್ದವು. ಸೆಂಟುಗಳ ಜಾಡು ಹಿಡಿದು ಹೊರಟವರು ಚಿತ್ರದ ಪಕ್ಕ ನಾಣ್ಯ ಇಟ್ಟು ನೋಡಿದರೆ ಎರಡೂ ಹೊಂದುತ್ತಿಲ್ಲ. ಚಿತ್ರದಲ್ಲಿದ್ದ ಗೀರು, ಅಂಚಿನ ನೆಗ್ಗು, ಬಣ್ಣದ ಕಲೆ, ಎಲ್ಲವೂ ಶೆಲ್ಡನ್ ಮಾರಿದ ನಾಣ್ಯಗಳಲ್ಲಿ ಸಿಕ್ಕವು. ವಿಷಯ ಕೋರ್ಟ್ ಮೆಟ್ಟಿಲೇರಿತು. ಇಷ್ಟು ಹಳೆಯ ಕಳ್ಳತನಕ್ಕೆ ಈಗ ದಾವೆ ಹೂಡಬಹುದಾ ಅನ್ನೋದೇ ದೊಡ್ಡ ಪ್ರಶ್ನೆಯಾಯ್ತು. ಕಾಲಮಿತಿ ಶುರುವಾಗುವುದು ಕಳ್ಳತನ ನಡೆದ ದಿನದಿಂದಲ್ಲ, ಮಾಲೀಕನಿಗೆ ಅದು ತಿಳಿದ ಮೇಲೆ ಎಂದು ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ 1996ರಲ್ಲಿ ಹೇಳಿತು.

ಹಾಗಂತ ಶೆಲ್ಡನ್ ಸ್ಕೇಲನ್ನು ಯಾರೂ ಎಸೆಯಲಿಲ್ಲ. ಅದಕ್ಕಿಂತ ಕೈಗೆ ಒಗ್ಗುವ ಭಾಷೆ ಇನ್ನೊಂದು ಹುಟ್ಟಲಿಲ್ಲ, ನಿಜ. ಬದಲಾದದ್ದು ಅದನ್ನು ಬಳಸುವ ರೀತಿ. ಈಗ ಒಬ್ಬನೇ ಪಂಡಿತನ ಮಾತಿಗೆ ಬಿಡುವುದಿಲ್ಲ. ಒಂದಕ್ಕಿಂತ ಹೆಚ್ಚು ಜನ ಪರೀಕ್ಷಕರು ನೋಡುತ್ತಾರೆ, ನಾಣ್ಯ ಯಾರದು ಅಂತ ಅವರಿಗೆ ಗೊತ್ತಿರಬಾರದು ಅನ್ನುವುದು ನಿಯಮ. ಅಳೆಯುವವನು ಎಷ್ಟೇ ಜಾಣನಾಗಿರಲಿ, ಅವನ ಅಳತೆಯನ್ನು ಇನ್ನೊಬ್ಬರು ಪರೀಕ್ಷಿಸಲು ದಾರಿ ಇರಬೇಕು. ಲ್ಯಾಬ್ ರೆಕಾರ್ಡ್ ಬರೆಸುವಾಗ ಬೈದುಕೊಳ್ತೀವಲ್ಲ, ಅದರ ಉಪಯೋಗ ಇದೇ.

ನಿಮ್ಮ ಮನೆಯ ಅಜ್ಜಿಯ ಪೆಟ್ಟಿಗೆಯಲ್ಲೂ ಹಳೆಯ ತಾಮ್ರದ ನಾಣ್ಯ ಇರಬಹುದು. ಟಿಪ್ಪು ಕಾಲದ ಆನೆ ಕಾಸೋ, ವಿಕ್ಟೋರಿಯಾ ರಾಣಿಯ ಕಾಲಾಣೆಯೋ. ಸಿಕ್ಕ ಕೂಡಲೇ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಪೂಜೆಯ ಚೊಂಬಿಗೆ ಅದು ಸರಿ. ನಾಣ್ಯದ ಮೇಲ್ಪದರ ಮಾತ್ರ ಒಮ್ಮೆ ಹೋದರೆ ಮತ್ತೆ ಬರಲ್ಲ, ಎಷ್ಟು ಫಳಫಳ ಹೊಳೆದರೂ ಬೆಲೆ ಬಿದ್ದೇ ಬೀಳುತ್ತೆ. ಅಂಚು ಹಿಡಿದು ಎತ್ತಿ, ತೂಕ ಮಾಡಿ, ಎರಡೂ ಬದಿಯ ಸ್ಪಷ್ಟ ಫೋಟೋ ತೆಗೆದಿಡಿ. ಆಮೇಲೆ ಯಾರಿಗೆ ಬೇಕಾದರೂ ತೋರಿಸಿ, ಎಷ್ಟಾದರೂ ನಂಬರ್ ಕೊಡಲಿ. ವಾಪಸ್ ಕೊಟ್ಟಾಗ ಫೋಟೋ ಜೊತೆ ಒಮ್ಮೆ ಹೋಲಿಸಿ ನೋಡೋದು ಮರೀಬೇಡಿ.