ಗೋಹರ್‌ಬಾಯಿ ಕರ್ನಾಟಕಿ

ಗೋಹರ್‌ಬಾಯಿ ಕರ್ನಾಟಕಿ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದ ಗಾಯಕಿ ಹಾಗೂ ರಂಗನಟಿ. ಕನ್ನಡನಾಡಿನಲ್ಲಿ ಹುಟ್ಟಿದ ಇವರು ಮರಾಠಿ ಸಂಗೀತ ನಾಟಕಗಳ ರಂಗಭೂಮಿಯಲ್ಲಿ ಬಾಲಗಂಧರ್ವರ ಸಹಕಲಾವಿದೆಯಾಗಿ ಹೆಸರಾದರು. 1930ರಲ್ಲಿ ಮೈಸೂರಿನಲ್ಲಿ ನಿಧನರಾದ ಕಲ್ಕತ್ತೆಯ ಗಾಯಕಿ ಗೋಹರ್ ಜಾನ್ ಬೇರೆ ವ್ಯಕ್ತಿ.

ಹಿನ್ನೆಲೆ

ಗೋಹರ್‌ಬಾಯಿಯವರ ಊರು ಅಂದಿನ ವಿಜಾಪುರ ಜಿಲ್ಲೆಯ, ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿ. ಕಲಾವಿದರ ಮುಸ್ಲಿಂ ಕುಟುಂಬದಲ್ಲಿ ಜನಿಸಿದ ಇವರ ತಂಗಿಯೇ ಹಿಂದಿ ಚಿತ್ರರಂಗದ ಪ್ರಸಿದ್ಧ ಹಿನ್ನೆಲೆ ಗಾಯಕಿ ಅಮೀರ್‌ಬಾಯಿ ಕರ್ನಾಟಕಿ. ಮುಂಬಯಿ ಸೇರಿದ ಅಕ್ಕತಂಗಿಯರು ತಮ್ಮ ನಾಡಿನ ಹೆಸರನ್ನೇ ಅಡ್ಡಹೆಸರಾಗಿ ಉಳಿಸಿಕೊಂಡರು.

ರಂಗಜೀವನ

ಬಾಲಗಂಧರ್ವ ಎಂದು ಖ್ಯಾತರಾದ ನಾರಾಯಣ ಶ್ರೀಪಾದ ರಾಜಹಂಸ ಅವರು 1913ರಲ್ಲಿ ಗೋವಿಂದರಾವ್ ಟೆಂಬೆ ಹಾಗೂ ಗಣೇಶ ಗೋವಿಂದ ಬೋಡಸ್ ಅವರೊಡನೆ ಗಂಧರ್ವ ನಾಟಕ ಮಂಡಳಿಯನ್ನು ಸ್ಥಾಪಿಸಿದ್ದರು. ಸ್ತ್ರೀಪಾತ್ರಗಳನ್ನು ಪುರುಷರೇ ನಿರ್ವಹಿಸುತ್ತಿದ್ದ ಆ ರಂಗಭೂಮಿಯಲ್ಲಿ ಬಾಲಗಂಧರ್ವರ ಸ್ತ್ರೀಪಾತ್ರಗಳು ಮನೆಮಾತಾಗಿದ್ದವು. ಮಾತಿನ ಚಿತ್ರಗಳು ಬಂದ ಬಳಿಕ ನಾಟಕ ಕಂಪನಿಗಳು ಸೊರಗಿದವು. ಸಾಲದ ಹೊರೆಯಿದ್ದ ಮಂಡಳಿಯೂ ಸಂಕಷ್ಟಕ್ಕೆ ಸಿಲುಕಿತು. 1935ರ ‘ಧರ್ಮಾತ್ಮಾ’ ಚಿತ್ರದಲ್ಲಿ ನಟಿಸಿದ ಅನಂತರ ಬಾಲಗಂಧರ್ವರು ಮತ್ತೆ ರಂಗಕ್ಕೆ ಮರಳಿದರು.

ಬಾಲಗಂಧರ್ವರ ಗಾಯನಶೈಲಿಯನ್ನು ಚೆನ್ನಾಗಿ ಮೈಗೂಡಿಸಿಕೊಂಡಿದ್ದ ಗೋಹರ್‌ಬಾಯಿ, 1930ರ ದಶಕದ ಉತ್ತರಾರ್ಧದಲ್ಲಿ ಅವರ ಮಂಡಳಿಯನ್ನು ಸೇರಿ ನಾಯಕಿಯ ಪಾತ್ರಗಳನ್ನು ವಹಿಸಿಕೊಂಡರು. ಪುರುಷನಟನೊಬ್ಬ ದಶಕಗಳ ಕಾಲ ಬೆಳಗಿಸಿದ್ದ ಸ್ಥಾನಕ್ಕೆ ಹೀಗೆ ಮಹಿಳೆಯೊಬ್ಬರು ಬಂದರು. ಆದರೆ ಬಾಲಗಂಧರ್ವರನ್ನೇ ಸ್ತ್ರೀರೂಪದಲ್ಲಿ ಕಂಡು ಮೆಚ್ಚಿದ್ದ ಅಭಿಮಾನಿಗಳಲ್ಲಿ ಹಲವರು ಈ ಬದಲಾವಣೆಯನ್ನು ಒಪ್ಪಲಿಲ್ಲ. ಗೋಹರ್‌ಬಾಯಿಯವರ ಧರ್ಮವೂ ಟೀಕೆಗೆ ಗುರಿಯಾಯಿತು.

ಕೊನೆಯ ವರ್ಷಗಳು

ಬಾಲಗಂಧರ್ವರ ಮೊದಲ ಪತ್ನಿ ಲಕ್ಷ್ಮೀಬಾಯಿ 1940ರಲ್ಲಿ ತೀರಿಕೊಂಡಿದ್ದರು. 1951ರಲ್ಲಿ ಬಾಲಗಂಧರ್ವ ಮತ್ತು ಗೋಹರ್‌ಬಾಯಿ ವಿವಾಹವಾದರು. ಕಾಲುಗಳ ಸ್ವಾಧೀನ ಕಳೆದುಕೊಂಡ ಪತಿಯ ಆರೈಕೆಯನ್ನು ಗೋಹರ್‌ಬಾಯಿ ಬಡತನದ ನಡುವೆಯೂ ನೋಡಿಕೊಂಡರು. 1964ರಲ್ಲಿ ಅವರು ನಿಧನರಾದರು. ಮರುವರ್ಷ ಅಮೀರ್‌ಬಾಯಿ, 1967ರಲ್ಲಿ ಬಾಲಗಂಧರ್ವರು ತೀರಿಕೊಂಡರು.

ಸ್ಮರಣೆ

ಬಾಲಗಂಧರ್ವರ ಅವನತಿಗೆ ಗೋಹರ್‌ಬಾಯಿಯವರೇ ಕಾರಣರೆಂಬ ಅಭಿಪ್ರಾಯ ಮರಾಠಿ ರಂಗಾಸಕ್ತರಲ್ಲಿ ಬಹುಕಾಲ ಪ್ರಚಲಿತವಾಗಿತ್ತು. ಆದರೆ ಮಂಡಳಿಯ ಸಾಲವೂ ಚಲನಚಿತ್ರಗಳ ಪೈಪೋಟಿಯೂ ಅವರು ಬರುವುದಕ್ಕೆ ಮೊದಲೇ ಆರಂಭವಾಗಿದ್ದವು. ಕನ್ನಡದಲ್ಲಿ ರಹಮತ್ ತರೀಕೆರೆಯವರು ಅಮೀರ್‌ಬಾಯಿ ಕರ್ನಾಟಕಿಯವರ ಜೀವನಚರಿತ್ರೆಯನ್ನು ರಚಿಸಿದ್ದಾರೆ. ಬಾಲಗಂಧರ್ವರ ಬದುಕನ್ನು ಆಧರಿಸಿದ ಮರಾಠಿ ಚಲನಚಿತ್ರ ‘ಬಾಲಗಂಧರ್ವ’ 2011ರಲ್ಲಿ ತೆರೆಕಂಡಿತು.