ನಲ್ಲಿ ನೀರಿನ ಸಿಂಹ

ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ಯಾವುದಾದರೂ ಪರೀಕ್ಷೆಗೆ ಓದುತ್ತಿರುವವರ ನೋಟ್ಸ್ ತೆಗೆದು ನೋಡಿ. ಫಿರೋಜ್‌ಷಾ ಮೆಹ್ತಾ ಎಂಬ ಹೆಸರಿನ ಮುಂದೆ ಇರುವುದು ಹೆಚ್ಚೆಂದರೆ ಎರಡು ಸಾಲು. ಮಂದಗಾಮಿ ನಾಯಕ, 1890ರ ಕಲ್ಕತ್ತಾ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷ, ಬಿರುದು ಮುಂಬೈನ ಸಿಂಹ. ಒಂದು ಅಂಕದ ಪ್ರಶ್ನೆಗೆ ಇಷ್ಟು ಸಾಕು. ನಾನೂ ಇಷ್ಟನ್ನೇ ಉರು ಹೊಡೆದವನು. ಆಮೇಲೆ ಅವರ ಬದುಕನ್ನು ಓದುತ್ತಾ ಹೋದಾಗ ಗೊತ್ತಾಯಿತು, ಈ ಸಿಂಹ ಸುಮಾರು ನಾಲ್ಕು ದಶಕ ಹೋಗಿ ಕೂತದ್ದು ಮುಂಬೈ ಕಾರ್ಪೊರೇಷನ್ನಿನ ಸಭೆಯಲ್ಲಿ. ಅಲ್ಲಿನ ಮಾತೆಲ್ಲ ನಲ್ಲಿ ನೀರು, ಚರಂಡಿ, ಬೀದಿ ದೀಪ, ಮನೆ ಕಂದಾಯ. ಹೈಕೋರ್ಟಿನ ದುಬಾರಿ ವಕೀಲರೊಬ್ಬರು ಇದಕ್ಕೆಲ್ಲ ಯಾಕೆ ತಲೆ ಕೊಟ್ಟರು?

ಮೆಹ್ತಾ ಹುಟ್ಟಿದ್ದು 1845ರ ಆಗಸ್ಟ್ 4ರಂದು, ಮುಂಬೈನ ಪಾರ್ಸಿ ವ್ಯಾಪಾರಿ ಕುಟುಂಬದಲ್ಲಿ. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ 1864ರಲ್ಲಿ ಪದವಿ ಮುಗಿಸಿದರು. ಸ್ಕಾಲರ್‌ಶಿಪ್ ಸಿಕ್ಕಿ ಕಾನೂನು ಓದಲು ಲಂಡನ್ನಿಗೆ ಹೋದರು. ಅಲ್ಲಿ ದಾದಾಭಾಯಿ ನವರೋಜಿ ಅವರ ಒಡನಾಟ ಸಿಕ್ಕಿತು. 1868ರಲ್ಲಿ ಬ್ಯಾರಿಸ್ಟರ್ ಆಗಿ ವಾಪಸ್ ಬಂದರು. ಕೈಯಲ್ಲಿ ದೊಡ್ಡ ಡಿಗ್ರಿ, ವಯಸ್ಸು 23.

ಅವರು ಬಂದಿಳಿದ ಊರು ಹೇಗಿತ್ತು ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮುಂಬೈ ಎಂದರೆ ಏಳು ದ್ವೀಪಗಳ ನಡುವಿನ ಸಮುದ್ರವನ್ನು ತುಂಬಿಸಿ ಮಾಡಿದ ನೆಲ. ಬಹಳಷ್ಟು ಜಾಗ ಭರತದ ನೀರಿನ ಮಟ್ಟಕ್ಕಿಂತ ತಗ್ಗು. ಸಮುದ್ರ ಉಕ್ಕಿದಾಗ ಚರಂಡಿಯ ನೀರು ಹೊರಗೆ ಹೋಗುವ ಬದಲು ಒಳಗೇ ನಿಲ್ಲುತ್ತಿತ್ತು. ಸುತ್ತ ಎಲ್ಲಿ ನೋಡಿದರೂ ನೀರು, ಕುಡಿಯಲು ಮಾತ್ರ ಬಾವಿ, ಕೆರೆಗಳೇ ಗತಿ. ವಿಹಾರ್ ಕೆರೆಯಿಂದ ಕೊಳವೆಯಲ್ಲಿ ನೀರು ಬಂದದ್ದೇ 1860ರಲ್ಲಿ. ಅಮೆರಿಕದ ಅಂತರ್ಯುದ್ಧದ ದಿನಗಳಲ್ಲಿ ಹತ್ತಿ ವ್ಯಾಪಾರದಿಂದ ಊರಿಗೆ ದುಡ್ಡಿನ ಹೊಳೆಯೇ ಹರಿಯಿತು. 1865ರಲ್ಲಿ ಯುದ್ಧ ನಿಂತಿತು, ಶೇರುಗಳು ಬಿದ್ದವು, ಸಾಹುಕಾರರು ದಿವಾಳಿ ಎದ್ದರು. ಜನ ಮಾತ್ರ ಊರು ತುಂಬಿಕೊಂಡೇ ಇದ್ದರು. 1872ರ ಗಣತಿಯ ಪ್ರಕಾರ ಜನಸಂಖ್ಯೆ 6,44,405.

ಈ ಊರನ್ನು ನಡೆಸುತ್ತಿದ್ದವರು ಒಬ್ಬ ಕಮಿಷನರ್, ಆರ್ಥರ್ ಕ್ರಾಫರ್ಡ್. ಹೆಸರಿಗೆ ಅವರ ಮೇಲೆ ಜಸ್ಟಿಸ್ ಆಫ್ ದಿ ಪೀಸ್ ಎಂಬ ಗಣ್ಯರ ಮಂಡಳಿ ಇತ್ತು. ಅದರಲ್ಲಿದ್ದವರನ್ನು ಜನ ಆರಿಸಿರಲಿಲ್ಲ, ಸರ್ಕಾರವೇ ನೇಮಿಸಿತ್ತು. ಕ್ರಾಫರ್ಡ್ ಸುಮ್ಮನೆ ಕೂರುವ ಆಸಾಮಿಯಲ್ಲ. ರಸ್ತೆ ಅಗಲ ಮಾಡಿದರು, ತಗ್ಗು ನೆಲ ತುಂಬಿಸಿದರು, ಕಸ ಎತ್ತಿಸಿದರು, ಇವತ್ತಿಗೂ ಜನ ಅವರ ಹೆಸರಿನಲ್ಲೇ ಕರೆಯುವ ಮಾರ್ಕೆಟ್ ಕಟ್ಟಿಸಿದರು. ಖರ್ಚಿಗೆ ಲೆಕ್ಕ ಇಡಲಿಲ್ಲ. ಖಜಾನೆ ಬರಿದಾಯಿತು, ಕಂದಾಯ ಏರಿತು. ತೆರಿಗೆ ಕಟ್ಟುವವರು ರೊಚ್ಚಿಗೆದ್ದರು. 1871ರ ಹೊತ್ತಿಗೆ ಊರಿನಲ್ಲಿ ಒಂದೇ ಕೂಗು: ಕ್ರಾಫರ್ಡ್ ತೊಲಗಲಿ, ಆಡಳಿತವನ್ನು ಟೌನ್ ಕೌನ್ಸಿಲ್ ಒಂದರ ಕೈಗೆ ಕೊಡಲಿ.

ಆಗ 26 ವರ್ಷದ ಮೆಹ್ತಾ ಒಂದು ಪ್ರಬಂಧ ಬರೆದು ಫ್ರಾಮ್‌ಜಿ ಕಾವಸ್‌ಜಿ ಇನ್‌ಸ್ಟಿಟ್ಯೂಟಿನಲ್ಲಿ ಓದಿದರು. ಜನರ ಸಿಟ್ಟಿಗೆ ದನಿಗೂಡಿಸಿದ್ದರೆ ಚಪ್ಪಾಳೆ ಸಿಗುತ್ತಿತ್ತು. ಅವರು ಕ್ರಾಫರ್ಡ್ ಪರ ಮಾತಾಡಿದರು! ಅವರ ವಾದದ ತಿರುಳು ಇಷ್ಟು. ತಪ್ಪು ವ್ಯಕ್ತಿಯದ್ದಲ್ಲ, ಏರ್ಪಾಟಿನದ್ದು. ಲೆಕ್ಕ ಕೇಳಬೇಕಾದವರು ಜನರಿಂದ ಆರಿಸಿ ಬಂದವರಲ್ಲ, ಆದ್ದರಿಂದ ಅವರು ಕೇಳಲಿಲ್ಲ. ಕೆಲಸ ಮಾಡುವ ಅಧಿಕಾರ ಒಬ್ಬ ಜವಾಬ್ದಾರಿಯುತ ಅಧಿಕಾರಿಯ ಕೈಯಲ್ಲೇ ಇರಲಿ. ಹತ್ತು ಜನ ಸೇರಿ ಚರಂಡಿ ಅಗೆಸಲು ಹೊರಟರೆ ಅದು ಮುಗಿಯುವುದಿಲ್ಲ. ಆದರೆ ಹಣ ಕೊಡುವುದು, ಲೆಕ್ಕ ಕೇಳುವುದು, ನೀತಿ ತೀರ್ಮಾನಿಸುವುದು ತೆರಿಗೆದಾರರು ಆರಿಸಿದ ಸಭೆಯ ಕೈಯಲ್ಲಿರಬೇಕು. ನೆರೆದವರಿಗೆ ಇದು ರುಚಿಸಲಿಲ್ಲ. ಸುಧಾರಣೆ ಬಯಸಿದ್ದ ಹಿರಿಯರೂ ಒಪ್ಪಲಿಲ್ಲ. ನವರೋಜಿ ಫರ್ದೂನ್‌ಜಿಯಂಥವರಿಗೆ ಕೆಲಸ ಮಾಡಿಸುವ ಅಧಿಕಾರವೂ ಕೌನ್ಸಿಲ್ಲಿಗೇ ಬೇಕಿತ್ತು. ಊರೆಲ್ಲ ಒಂದು ಕಡೆ ಇರುವಾಗ, ಇನ್ನೂ ಕಕ್ಷಿದಾರರನ್ನು ಹುಡುಕಿಕೊಳ್ಳಬೇಕಾದ ಹೊಸ ವಕೀಲ ಇನ್ನೊಂದು ಕಡೆ ನಿಲ್ಲುವುದು ಸಣ್ಣ ಧೈರ್ಯವಲ್ಲ.

1872ರ ಕಾಯ್ದೆ ಬಂದಾಗ ಅದರ ರೂಪ ಹೆಚ್ಚು ಕಡಿಮೆ ಈ ದಾರಿಯಲ್ಲೇ ಇತ್ತು. ಕಮಿಷನರ್ ಉಳಿದರು. ಅವರ ಮೇಲೆ 64 ಸದಸ್ಯರ ಕಾರ್ಪೊರೇಷನ್ ಬಂತು: 16 ಜನ ಸರ್ಕಾರ ನೇಮಿಸಿದವರು, 16 ಜನ ಜಸ್ಟಿಸ್‌ಗಳು ಆರಿಸಿದವರು, 32 ಜನ ತೆರಿಗೆದಾರರು ಆರಿಸಿದವರು. ಹಣಕಾಸಿನ ಮೇಲೆ ಕಣ್ಣಿಡಲು 12 ಜನರ ಟೌನ್ ಕೌನ್ಸಿಲ್. ಮೆಹ್ತಾ ಆರಂಭದ ದಿನಗಳಲ್ಲೇ ಸದಸ್ಯರಾಗಿ ಒಳಗೆ ಬಂದರು.

ಇಲ್ಲೊಂದು ಮಾತು. ಆ ಮತದಾನ ನಾವು ತಿಳಿದ ಮತದಾನ ಅಲ್ಲ. ಇಂತಿಷ್ಟು ತೆರಿಗೆ ಕಟ್ಟುವವನಿಗೆ ಮಾತ್ರ ಓಟು. ಬಂದರಿನಲ್ಲಿ ಮೂಟೆ ಹೊರುವವನು, ಗಿರಣಿಯ ಕೂಲಿ, ಕಸ ಎತ್ತುವವನು ಯಾರೂ ಆ ಪಟ್ಟಿಯಲ್ಲಿಲ್ಲ. ಮೆಹ್ತಾ ಇದಕ್ಕಾಗಿ ಬೀದಿಗಿಳಿದವರಲ್ಲ. ಅವರು ಉಳ್ಳವರ ನಡುವಿನಿಂದ ಬಂದವರು, ಅವರ ಸಭೆಯೂ ಉಳ್ಳವರದ್ದೇ. ಈ ಮಿತಿಯನ್ನು ಮರೆತು ಅವರನ್ನು ಹೊಗಳುವುದು ನನಗೆ ಸರಿ ಕಾಣುವುದಿಲ್ಲ. ಆದರೂ ದೇಶದ ದೊಡ್ಡ ನಗರವೊಂದರಲ್ಲಿ ಅರ್ಧ ಸಭೆಯನ್ನು ಊರಿನವರೇ ಆರಿಸಬಹುದು ಎಂಬುದು ಆ ಕಾಲಕ್ಕೆ ಹೊಸದು.

ವಕೀಲಿಕೆ ಮೊದಲು ಕೈ ಹಿಡಿದದ್ದು ಮುಂಬೈಗಿಂತ ಹೆಚ್ಚಾಗಿ ಗುಜರಾತ್, ಕಾಠಿಯಾವಾಡದ ಕೋರ್ಟುಗಳಲ್ಲಿ. ದುಡಿಮೆ ಅಲ್ಲಿ, ಮನಸ್ಸು ಕಾರ್ಪೊರೇಷನ್ನಿನಲ್ಲಿ. 1884ರಲ್ಲಿ ಅಧ್ಯಕ್ಷರಾದರು, ಮರು ವರ್ಷವೂ ಆದರು.

ಅಷ್ಟರಲ್ಲಿ ರಿಪನ್‌ನ 1882ರ ಸ್ಥಳೀಯ ಸ್ವಯಮಾಡಳಿತ ನಿರ್ಣಯ ಬಂದಿತ್ತು (ಇದು ನೋಟ್ಸಿನಲ್ಲಿ ಎಲ್ಲರಿಗೂ ಇರುತ್ತದೆ). ಅದಕ್ಕೆ ತಕ್ಕಂತೆ ಮುಂಬೈಗೆ ಹೊಸ ಕಾಯ್ದೆ ಬೇಕಾಯಿತು. 1887ರಲ್ಲಿ ಸರ್ಕಾರ ತಂದ ಮಸೂದೆ ನೋಡಿದರೆ ಕೊಟ್ಟದ್ದನ್ನು ಹಿಂದಕ್ಕೆ ಕಸಿದುಕೊಳ್ಳುವ ಹಾಗಿತ್ತು. ಕಮಿಷನರ್ ಕಾರ್ಪೊರೇಷನ್ನಿನ ಕೆಳಗೋ ಸಮಕ್ಕೋ ಎಂಬುದೇ ಮಸುಕು. ಗವರ್ನರ್ ಲಾರ್ಡ್ ರೇ ಮೆಹ್ತಾ ಅವರನ್ನು ಶಾಸನ ಮಂಡಳಿಗೆ ನೇಮಿಸಿದ್ದರು, ಕೆ.ಟಿ. ತೆಲಂಗ್ ಕೂಡ ಅಲ್ಲಿದ್ದರು. ಇಬ್ಬರೂ ಕೂತು ಮಸೂದೆಯನ್ನು ಕಲಮು ಕಲಮಾಗಿ ತಿದ್ದಿಸಿದರು. ಘೋಷಣೆ ಕೂಗಿ ಗೆಲ್ಲುವ ಜಾಗ ಅಲ್ಲ ಅದು. ಯಾವ ಕಲಮಿನಲ್ಲಿ ಯಾವ ಪದ ಬದಲಾದರೆ ಅಧಿಕಾರ ಎಲ್ಲಿಂದ ಎಲ್ಲಿಗೆ ಜಾರುತ್ತದೆ ಎಂದು ಬಲ್ಲವನಿಗೆ ಮಾತ್ರ ಅಲ್ಲಿ ಕೆಲಸ. ಹದಿನೈದು ವರ್ಷ ಬಜೆಟ್ಟು, ಟೆಂಡರು, ನೀರಿನ ದರ ಅಂತ ಬೇಸರದ ಕಾಗದಗಳನ್ನು ಓದಿದ್ದು ಆಗ ಉಪಯೋಗಕ್ಕೆ ಬಂತು.

1888ರ ಕಾಯ್ದೆಯಲ್ಲಿ ನಗರದ ಆಡಳಿತ ಕಾರ್ಪೊರೇಷನ್ನಿನದ್ದು ಎಂದು ಸ್ಪಷ್ಟವಾಗಿ ಬರೆಯಲಾಯಿತು. ಸದಸ್ಯರು 72 ಆದರು, ಅವರಲ್ಲಿ 36 ಜನ ವಾರ್ಡುಗಳಿಂದ ಆರಿಸಿ ಬರುವವರು. ಟೌನ್ ಕೌನ್ಸಿಲ್ ಜಾಗಕ್ಕೆ 12 ಜನರ ಸ್ಥಾಯಿ ಸಮಿತಿ ಬಂತು. ಕೆಲಸ ಮಾಡಿಸುವುದು ಕಮಿಷನರ್, ಹಣ ನೋಡುವುದು ಸಮಿತಿ, ಕೊನೆಯ ಮಾತು ಸಭೆಯದ್ದು. 1871ರಲ್ಲಿ ಯಾರಿಗೂ ಬೇಡವಾಗಿದ್ದ ಪ್ರಬಂಧದ ಎಲುಬುಗೂಡು ಇದರಲ್ಲಿದೆ.

ಅದೇ 1888ರಲ್ಲಿ ಕ್ರಾಫರ್ಡ್ ಸಾಹೇಬರ ಕಥೆ ಏನಾಯಿತು ಗೊತ್ತೆ? ಪುಣೆ ಕಡೆ ದೊಡ್ಡ ಹುದ್ದೆಯಲ್ಲಿದ್ದ ಅವರು ಲಂಚದ ಆರೋಪಕ್ಕೆ ಸಿಕ್ಕಿದರು. ವಿಚಾರಣೆಯಲ್ಲಿ ಲಂಚ ರುಜುವಾತಾಗಲಿಲ್ಲ, ಕೈಕೆಳಗಿನವರಿಂದ ಸಾಲ ಎತ್ತಿದ್ದು ರುಜುವಾತಾಗಿ ಕೆಲಸ ಹೋಯಿತು. ಯುವಕ ಮೆಹ್ತಾ ಅವರನ್ನು ಹೊಗಳಿದ್ದು ತಪ್ಪಾಯಿತೇ ಎಂದು ಕೇಳಬಹುದು. ಮನುಷ್ಯನ ವಿಷಯದಲ್ಲಿ ಹೌದು ಅನ್ನಿಸುತ್ತದೆ. ಲೆಕ್ಕ ಕೇಳುವವರಿಲ್ಲದಿದ್ದರೆ ಎಂಥ ಚುರುಕಿನ ಅಧಿಕಾರಿಯೂ ಕೆಡುತ್ತಾನೆ ಎಂಬ ವಾದ ಮಾತ್ರ ಇನ್ನಷ್ಟು ಗಟ್ಟಿಯಾಯಿತು.

ಮುಂದಿನ ವರ್ಷಗಳಲ್ಲಿ ಊರಿನ ಕೆಲಸ ಬೆಳೆಯಿತು. ತುಲ್ಸಿ ಕೆರೆಯ ನೀರು 1879ರಲ್ಲೇ ಬಂದಿತ್ತು, 1892ರಲ್ಲಿ ದೂರದ ತಾನ್ಸಾ ಜಲಾಶಯದಿಂದ ನೀರು ಹರಿಯಿತು. 1893ರಲ್ಲಿ ರೈಲು ನಿಲ್ದಾಣದ ಎದುರು ಪಾಲಿಕೆಯ ದೊಡ್ಡ ಕಟ್ಟಡ ಎದ್ದಿತು. ಒಂದು ತಕರಾರು ವರ್ಷಗಟ್ಟಲೆ ನಡೆಯಿತು: ನಗರದ ಪೊಲೀಸರ ಖರ್ಚಿನಲ್ಲಿ ಪಾಲು ಕೊಡುವುದು ಪಾಲಿಕೆ, ಪೊಲೀಸರ ಮೇಲೆ ಹಿಡಿತ ಸರ್ಕಾರದ್ದು. ಮನೆ ಕಂದಾಯದ ದುಡ್ಡು ಶಾಲೆಗೆ, ಆಸ್ಪತ್ರೆಗೆ ಹೋಗಬೇಕಲ್ಲವೆ? 1907ರ ಕಾಯ್ದೆಯಿಂದ ಪೊಲೀಸ್ ಖರ್ಚು ಸರ್ಕಾರಕ್ಕೆ ಹೋಯಿತು. ಪ್ರಾಥಮಿಕ ಶಿಕ್ಷಣ, ಚಿಕಿತ್ಸೆಯ ಹೊಣೆ ಪಾಲಿಕೆಗೆ ಬಂತು. 1896ರಲ್ಲಿ ಪ್ಲೇಗು ಬಂದು ಜನ ಊರು ಬಿಟ್ಟು ಓಡಿದ ಮೇಲೆ ಸರ್ಕಾರ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಎಂಬ ಬೇರೆ ಸಂಸ್ಥೆ ಕಟ್ಟಿತು. ಊರಿನ ಕೆಲಸ ಊರಿನವರ ಸಭೆಯಿಂದ ಹೊರಗೆ ಹೋಗುತ್ತಿದೆ ಎಂಬುದು ಮೆಹ್ತಾ ಅವರ ಆಕ್ಷೇಪ. 1933ರಲ್ಲಿ ಆ ಟ್ರಸ್ಟು ಪಾಲಿಕೆಯೊಳಗೇ ಸೇರಿತು. ಅದನ್ನು ನೋಡಲು ಅವರಿರಲಿಲ್ಲ.

ಅದೇ 1896ರಲ್ಲಿ ದಕ್ಷಿಣ ಆಫ್ರಿಕಾದಿಂದ ಬಂದ ಮೋಹನದಾಸ ಗಾಂಧಿ ಎಂಬ ಯುವಕನಿಗೆ ಮೆಹ್ತಾ ಮುಂಬೈನಲ್ಲಿ ಸಭೆ ಏರ್ಪಡಿಸಿಕೊಟ್ಟರು. ಬಾಯಿಗೆ ಬಂದದ್ದನ್ನು ಮಾತಾಡಿದರೆ ಆಗದು, ಭಾಷಣ ಬರೆದು ತರಬೇಕು ಎಂದು ಹಿಂದಿನ ದಿನವೇ ಬರೆಸಿದರು, ಅಚ್ಚಿಗೂ ಕಳಿಸಿದರು. ಮರುದಿನ ಗಾಂಧಿಯ ದನಿ ಏಳಲಿಲ್ಲ. ಬರೆದದ್ದು ಕೈಯಲ್ಲಿತ್ತು, ದಿನ್‌ಷಾ ವಾಚಾ ಓದಿದರು. ಇಂಟರ್‌ವ್ಯೂಗೆ ಹೋಗುವ ನಮಗೆ ಈ ಪ್ರಸಂಗ ಗೊತ್ತಿರಲಿ ಎಂದು ಹೇಳಿದೆ.

ನಮ್ಮ ಕಡೆಗೂ ಅವರ ನಂಟಿದೆ. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಆಗ ಮುಂಬೈ ಪ್ರಾಂತ್ಯದ ಭಾಗ. 1901ರಲ್ಲಿ ಆ ಪ್ರಾಂತ್ಯದ ಭೂಕಂದಾಯ ಸಂಹಿತೆಗೆ ತಿದ್ದುಪಡಿ ಬಂತು. ರೈತನಿಗೆ ತನ್ನ ನೆಲವನ್ನು ಪರಭಾರೆ ಮಾಡುವ ಹಕ್ಕು ಮೊಟಕಾಗುತ್ತದೆ ಎಂದು ಮೆಹ್ತಾ ವಿರೋಧಿಸಿದರು. ಸರ್ಕಾರ ಕೇಳಲಿಲ್ಲ. ಮೆಹ್ತಾ ಎದ್ದು ಹೊರನಡೆದರು. ಗೋಪಾಲಕೃಷ್ಣ ಗೋಖಲೆ ಮತ್ತಿತರರು ಹಿಂದೆಯೇ ಹೋದರು. ಸಭಾತ್ಯಾಗ ಈಗ ಟಿವಿಯಲ್ಲಿ ದಿನದ ಮಾತು, ಆಗ ಅದು ಊರೆಲ್ಲ ಬೆರಗಾಗುವ ಸುದ್ದಿ.

ಇಷ್ಟು ವರ್ಷ ಒಬ್ಬನೇ ಸಭೆಯನ್ನು ಆಳಿದರೆ ಶತ್ರುಗಳು ಹುಟ್ಟದೆ ಇರುತ್ತಾರೆಯೇ? ಮೆಹ್ತಾ ಸೌಮ್ಯ ಸ್ವಭಾವದವರಲ್ಲ. ತಾನು ಹೇಳಿದ್ದೇ ನಡೆಯಬೇಕು ಎಂಬ ಹಟ ಇತ್ತು, ಸರ್ವಾಧಿಕಾರಿ ಎಂದು ಜನ ಆಡಿಕೊಳ್ಳುತ್ತಿದ್ದರು. ಆ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. 1907ರ ಪಾಲಿಕೆ ಚುನಾವಣೆಯಲ್ಲಿ ಅಕೌಂಟೆಂಟ್ ಜನರಲ್ ಹ್ಯಾರಿಸನ್ ಮುಂದಾಳಾಗಿ ಕೆಲವು ಆಂಗ್ಲ ಅಧಿಕಾರಿಗಳೂ ಪತ್ರಿಕಾ ಸಂಪಾದಕರೊಬ್ಬರೂ ಸೇರಿ ಒಂದು ಗುಂಪು ಕಟ್ಟಿದರು. ಮೆಹ್ತಾ ಅವರನ್ನು ಹೊರಗೆ ಹಾಕುವುದೇ ಅವರ ಗುರಿ. ಜಸ್ಟಿಸ್‌ಗಳು ಆರಿಸುವ 16 ಸ್ಥಾನಗಳಿಗೆ ಇವರದೇ ಪಟ್ಟಿ ತಯಾರಾಯಿತು. ಫಲಿತಾಂಶ ಬಂದಾಗ ಮೆಹ್ತಾ ಹದಿನೇಳನೆಯವರು! 62 ವರ್ಷದ ಹೊಸ್ತಿಲಲ್ಲಿ, ತಾವೇ ತಿದ್ದಿ ಕಟ್ಟಿದ ಸಭೆಯ ಬಾಗಿಲು ಅವರಿಗೆ ಮುಚ್ಚಿತು.

ಮುಂದೆ ನಡೆದದ್ದು ಕಾಯ್ದೆಯ ಪ್ರಕಾರವೇ. ಗೆದ್ದ 16 ಮಂದಿಯಲ್ಲಿ ಒಬ್ಬರಿಗೆ ಪಾಲಿಕೆಯ ಗುತ್ತಿಗೆಯಲ್ಲಿ ಪಾಲಿತ್ತು. ಅಂಥವರು ಸದಸ್ಯರಾಗುವಂತಿಲ್ಲ. ಕೋರ್ಟು ಅವರ ಆಯ್ಕೆಯನ್ನು ರದ್ದು ಮಾಡಿತು, ಹದಿನೇಳನೆಯವರು ಒಳಗೆ ಬಂದರು. ಆ ವರ್ಷದ ಕೊನೆಗೆ ಸೂರತ್ ಕಾಂಗ್ರೆಸ್ಸಿನಲ್ಲಿ ಎಸೆದ ಚಪ್ಪಲಿ ಸುರೇಂದ್ರನಾಥ ಬ್ಯಾನರ್ಜಿಗೆ ತಾಗಿ ಮೆಹ್ತಾ ಅವರ ಮೇಲೂ ಬಿತ್ತು. ಅತ್ತ ಬ್ರಿಟಿಷ್ ಅಧಿಕಾರಿಗಳಿಗೆ ಅವರು ಅತಿಯಾದರು, ಇತ್ತ ತಿಲಕರ ಕಡೆಯವರಿಗೆ ಸಾಲದಾದರು. ಹೊಸ ಪೀಳಿಗೆಯ ಅಸಹನೆ ಅವರಿಗೆ ಕೊನೆಗೂ ಅರ್ಥವಾಗಲಿಲ್ಲ ಎಂದೇ ನನ್ನ ಅನಿಸಿಕೆ.

ಕೊನೆಯ ವರ್ಷಗಳಲ್ಲೂ ಸುಮ್ಮನಿರಲಿಲ್ಲ. 1911ರಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ಆರಂಭವಾದಾಗ ಅದರ ಮೊದಲ ಅಧ್ಯಕ್ಷರು ಅವರೇ. ಬ್ಯಾಂಕ್ ಪರೀಕ್ಷೆಗೆ ಓದುವವರು ಗುರುತು ಮಾಡಿಕೊಳ್ಳಬಹುದು. 1913ರಲ್ಲಿ ಬಾಂಬೆ ಕ್ರಾನಿಕಲ್ ಪತ್ರಿಕೆ ಶುರು ಮಾಡಿಸಿದರು. 1915ರ ನವೆಂಬರ್ 5ರಂದು ತೀರಿಕೊಂಡರು.

ಸಿಎಸ್‌ಎಂಟಿ ನಿಲ್ದಾಣದಲ್ಲಿ ಇಳಿದು ಹೊರಗೆ ಬಂದರೆ ಎದುರಿಗೇ ಪಾಲಿಕೆಯ ಕಟ್ಟಡ, ಅದರ ಮುಂದೆ ಮೆಹ್ತಾ ಅವರ ಪ್ರತಿಮೆ. 1888ರ ಆ ಕಾಯ್ದೆ ತಿದ್ದುಪಡಿಗಳೊಂದಿಗೆ ಇವತ್ತಿಗೂ ಮುಂಬೈಯನ್ನು ಆಳುತ್ತಿದೆ. ಆದರೆ 2022ರ ಮಾರ್ಚ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ಮೂರು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಚುನಾಯಿತ ಸದಸ್ಯರೇ ಇರಲಿಲ್ಲ. ನಮ್ಮ ಬೆಂಗಳೂರಿನ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಇಲ್ಲೂ ಚುನಾವಣೆ ನಡೆಯಲಿಲ್ಲ. ಅಷ್ಟು ದಿನ ಎರಡೂ ಊರುಗಳಲ್ಲಿ ಬಜೆಟ್ ಮಾಡಿದವರು ಅಧಿಕಾರಿಗಳು, ಅದಕ್ಕೆ ಒಪ್ಪಿಗೆ ಹಾಕಿದವರೂ ಅಧಿಕಾರಿಗಳು. ಮುಂಬೈನಲ್ಲಿ ಇದೆಲ್ಲ ನಡೆದದ್ದು ಆ ಪ್ರತಿಮೆಯ ಹಿಂದಿನ ಕಟ್ಟಡದೊಳಗೇ.