ಆಟದ ರೈಲಿನ ನಿರ್ಮಾಪಕ ಫ್ರಾಂಕ್ ಹಾರ್ನ್‌ಬಿ

ಇಂಗ್ಲೆಂಡಿನ ಪಶ್ಚಿಮ ತೀರದಲ್ಲಿ ಮರ್ಸಿ ನದಿಯು ಸಮುದ್ರವನ್ನು ಸೇರುವೆಡೆಯಲ್ಲಿ ಲಿವರ್‌ಪೂಲ್ ಎಂಬ ಬಂದರುಪಟ್ಟಣವಿದೆ. ಅಲ್ಲಿಂದ ಮ್ಯಾಂಚೆಸ್ಟರಿಗೆ 1830ರಲ್ಲಿಯೇ ಉಗಿಬಂಡಿಗಳು ಓಡತೊಡಗಿದ್ದವು. ಹಡಗುಕಟ್ಟೆ, ಉಗ್ರಾಣ, ಸರಕು ತುಂಬಿದ ಗೂಡ್ಸುಬಂಡಿ, ಬಾನೆತ್ತರಕ್ಕೆ ಕೈಚಾಚಿದ ಕ್ರೇನು ಇವೇ ಆ ಊರಿನ ನಿತ್ಯದ ನೋಟಗಳು. ಈ ಪರಿಸರದಲ್ಲಿ 1863ರ ಮೇ 15ರಂದು ಫ್ರಾಂಕ್ ಹಾರ್ನ್‌ಬಿ ಜನಿಸಿದನು. ತಂದೆ ದಿನಸಿ ಪದಾರ್ಥಗಳ ವ್ಯಾಪಾರಿ. ಹದಿನಾರನೆಯ ವಯಸ್ಸಿಗೆ ಶಾಲೆಯನ್ನು ಬಿಟ್ಟ ಹುಡುಗ ತಂದೆಯ ಅಂಗಡಿಯಲ್ಲಿ ಹಣ ಎಣಿಸುವ ಕೆಲಸಕ್ಕೆ ನಿಂತನು. ಯಂತ್ರವಿದ್ಯೆಯನ್ನು ಅವನಿಗೆ ಯಾರೂ ಕಲಿಸಲಿಲ್ಲ.

1899ರಲ್ಲಿ ತಂದೆ ತೀರಿಕೊಂಡನು, ಅಂಗಡಿ ಮುಚ್ಚಿತು. ಮೂವತ್ತಾರು ವರ್ಷದ ಹಾರ್ನ್‌ಬಿ, ಮಾಂಸವನ್ನು ಆಮದು ಮಾಡುತ್ತಿದ್ದ ಡೇವಿಡ್ ಎಲಿಯಟ್ ಎಂಬ ವರ್ತಕನಲ್ಲಿ ಲೆಕ್ಕಪತ್ರ ಬರೆಯುವ ಗುಮಾಸ್ತನಾದನು. ಹಗಲೆಲ್ಲ ಅಂಕಿಗಳೊಡನೆ ಕಳೆಯುತ್ತಿದ್ದ ಅವನು, ಬಿಡುವಿನ ವೇಳೆಯಲ್ಲಿ ಲೋಹದ ತಗಡನ್ನು ಕತ್ತರಿಸಿ ತನ್ನ ಗಂಡುಮಕ್ಕಳಿಗಾಗಿ ಸೇತುವೆ, ಬಂಡಿ, ಕ್ರೇನುಗಳ ಚಿಕ್ಕ ಮಾದರಿಗಳನ್ನು ಮಾಡತೊಡಗಿದನು.

ಆದರೆ ಒಂದು ತೊಡಕು ಅವನನ್ನು ಕಾಡಿತು. ಕ್ರೇನಿಗೆಂದು ಕತ್ತರಿಸಿದ ತುಂಡು ಕ್ರೇನಿಗೆ ಮಾತ್ರ ಸರಿಹೊಂದುತ್ತಿತ್ತು. ಮಕ್ಕಳು ಸೇತುವೆ ಬೇಕೆಂದರೆ ಎಲ್ಲವನ್ನೂ ಮೊದಲಿನಿಂದ ಕತ್ತರಿಸಬೇಕು. ಒಂದೇ ತುಂಡು ಇಂದು ಕ್ರೇನಿನ ತೋಳಾಗಿ, ನಾಳೆ ಸೇತುವೆಯ ತೊಲೆಯಾಗಿ, ಮರುದಿನ ಬಂಡಿಯ ಚೌಕಟ್ಟಾಗಿ ಏಕೆ ಬಳಕೆಯಾಗಬಾರದು? ಈ ಪ್ರಶ್ನೆಗೆ ಅವನು ಕಂಡುಕೊಂಡ ಉತ್ತರ ಬಹು ಸರಳವಾದದ್ದು. ಅರ್ಧ ಅಂಗುಲ ಅಗಲದ ಪಟ್ಟಿಗಳಲ್ಲಿ ಸರಿಯಾಗಿ ಅರ್ಧ ಅಂಗುಲಕ್ಕೊಂದರಂತೆ ರಂಧ್ರಗಳನ್ನು ಕೊರೆಯುವುದು. ಅವುಗಳನ್ನು ನಟ್ಟು ಬೋಲ್ಟುಗಳಿಂದ ಜೋಡಿಸುವುದು. ರಂಧ್ರಗಳ ಅಂತರ ಎಲ್ಲೆಡೆಯೂ ಒಂದೇ ಆದುದರಿಂದ ಯಾವ ಪಟ್ಟಿಯಾದರೂ ಇನ್ನಾವ ಪಟ್ಟಿಗಾದರೂ ಕೂಡಿಕೊಳ್ಳುತ್ತಿತ್ತು. ಅದೇ ರಂಧ್ರದಲ್ಲಿ ಕಂಬಿಯನ್ನು ತೂರಿಸಿದರೆ ಗಾಲಿಯ ಅಚ್ಚಿಗೆ ಆಧಾರವೂ ದೊರೆಯುತ್ತಿತ್ತು. ದೊಡ್ಡ ಕಾರ್ಖಾನೆಗಳು ಆಗಲೇ ಅನುಸರಿಸುತ್ತಿದ್ದ ಒಂದು ತತ್ತ್ವ ಹೀಗೆ ಮಕ್ಕಳ ಕೈಗೆ ಬಂದಿತು.

ಹಕ್ಕುಪತ್ರ ಪಡೆಯಲು ಗುಮಾಸ್ತನ ಬಳಿ ಹಣವಿರಲಿಲ್ಲ. ಒಡೆಯನಾದ ಎಲಿಯಟ್ 5 ಪೌಂಡು ಸಾಲ ಕೊಟ್ಟನು. ಮುಂದೆ ಪಾಲುದಾರನೂ ಆದನು. 1901ರಲ್ಲಿ ಹಕ್ಕುಪತ್ರ ದೊರೆಯಿತು. ಆದರೂ ಆಟಿಕೆಗೆ ತಯಾರಕರು ಸುಲಭವಾಗಿ ಸಿಗಲಿಲ್ಲ. ಲಿವರ್‌ಪೂಲಿನಲ್ಲಿ ಎಂಜಿನಿಯರಿಂಗ್ ಪ್ರಾಧ್ಯಾಪಕನಾಗಿದ್ದ ಹೀಲೆ-ಷಾ ಇದರ ಬೆಲೆಯನ್ನು ಅರಿತು ಮೆಚ್ಚುಗೆಯ ಪತ್ರ ಬರೆದುಕೊಟ್ಟದ್ದು ಹಾರ್ನ್‌ಬಿಗೆ ದೊಡ್ಡ ಆಸರೆಯಾಯಿತು. ಮೊದಲ ಪೆಟ್ಟಿಗೆಗಳು 7 ಷಿಲಿಂಗ್ 6 ಪೆನ್ನಿಗೆ ಮಾರಾಟವಾದವು. ಕೂಲಿಯ ಮನೆಯ ಮಗುವಿಗೆ ಅದು ಎಟುಕುವ ಬೆಲೆಯಲ್ಲ. 1907ರಲ್ಲಿ ಆಟಿಕೆಗೆ ಮೆಕ್ಯಾನೋ ಎಂಬ ಹೆಸರು ಬಂದಿತು. 1914ರಲ್ಲಿ ಲಿವರ್‌ಪೂಲಿನ ಬಿನ್ಸ್ ರಸ್ತೆಯಲ್ಲಿ ದೊಡ್ಡ ಕಾರ್ಖಾನೆ ಎದ್ದಿತು.

ಅದುವರೆಗೆ ಇಂಗ್ಲೆಂಡಿನ ಮಕ್ಕಳು ಆಡುತ್ತಿದ್ದ ಆಟದ ರೈಲುಗಳಲ್ಲಿ ಹೆಚ್ಚಿನವು ಜರ್ಮನಿಯಿಂದ ಬರುತ್ತಿದ್ದವು. ಮೊದಲನೆಯ ಮಹಾಯುದ್ಧ ಆ ಆಮದನ್ನು ನಿಲ್ಲಿಸಿತು. ಯುದ್ಧ ಮುಗಿದ ಮೇಲೆ, 1920ರಲ್ಲಿ, ಹಾರ್ನ್‌ಬಿಯ ಮೊದಲ ರೈಲು ಹೊರಬಂದಿತು. ಅದು ಕೀಲಿ ಕೊಟ್ಟರೆ ಓಡುವ ಎಂಜಿನು. ಮೆಕ್ಯಾನೋವಿನಂತೆ ಅದನ್ನೂ ನಟ್ಟು ಬೋಲ್ಟುಗಳಿಂದಲೇ ಜೋಡಿಸಲಾಗಿತ್ತು. ಮಗು ಅದನ್ನು ಬಿಚ್ಚಬಹುದು, ಒಳಗಿರುವುದನ್ನು ಕಾಣಬಹುದು, ಮತ್ತೆ ಕೂಡಿಸಬಹುದು. ಬಿಚ್ಚಿದ್ದಕ್ಕಾಗಿ ಬೈಗುಳ ತಿನ್ನಬೇಕಾಗಿಲ್ಲದ ಆಟಿಕೆಗಳು ಲೋಕದಲ್ಲಿ ಹೆಚ್ಚಿಲ್ಲ!

ಈ ರೈಲಿನ ಎರಡು ಹಳಿಗಳ ನಡುವಣ ಅಂತರ 32 ಮಿಲಿಮೀಟರು. ನಿಜವಾದ ಹಳಿಗಳ ಅಂತರವಾದ 1435 ಮಿಲಿಮೀಟರಿಗೆ ಹೋಲಿಸಿದರೆ ಇದು ಸುಮಾರು 45ರಲ್ಲಿ ಒಂದು ಪಾಲು. 2 ಅಡಿ ತ್ರಿಜ್ಯದ ಬಾಗುಹಳಿಗಳನ್ನು ಹನ್ನೆರಡು ಕೂಡಿಸಿದರೆ ಒಂದು ವೃತ್ತವಾಗುತ್ತಿತ್ತು. ಕೋಣೆಯ ನೆಲದ ಬಹುಭಾಗ ಅದಕ್ಕೇ ಬೇಕಾಗುತ್ತಿತ್ತು. ಆದರೆ ಸುಮ್ಮನೆ ಸುತ್ತುವ ರೈಲು ಬೇಗ ಬೇಸರ ತರಿಸುತ್ತದೆ. ಬಂಡಿಗೆ ಹೋಗಲೊಂದು ಊರು, ಹೊರಲೊಂದು ಹೊರೆ ಬೇಕು. ಆದುದರಿಂದ ಎಂಜಿನಿನ ಹಿಂದೆಯೇ ನಿಲ್ದಾಣ, ಕೈಮರ, ಸುರಂಗ, ಸರಕಿನ ಕಟ್ಟೆ ಮೊದಲಾದುವೂ ಬಿನ್ಸ್ ರಸ್ತೆಯಿಂದ ಹೊರಬಂದವು. ಮರದ ದಿಮ್ಮಿ ಸಾಗಿಸುವ ಬಂಡಿ, ಪೆಟ್ರೋಲು ತುಂಬುವ ತೊಟ್ಟಿ, ಮಗುಚಿ ಸರಕು ಸುರಿಯುವ ಬಂಡಿ, ಹೀಗೆ ಒಂದು ಕೈಗಾರಿಕಾ ಪಟ್ಟಣಕ್ಕೆ ಬೇಕಾದುದೆಲ್ಲವೂ ತಗಡಿನಲ್ಲಿ ಸಿದ್ಧವಾಯಿತು. ಮುಖ್ಯ ಹಳಿಯಿಂದ ಒಂದು ಕವಲನ್ನು ತೆಗೆದು, ಅದರ ಕೊನೆಯಲ್ಲಿ ಮೆಕ್ಯಾನೋ ಪಟ್ಟಿಗಳಿಂದ ಕ್ರೇನನ್ನು ಕಟ್ಟಿ ನಿಲ್ಲಿಸಿದರೆ, ಅಲ್ಲಿಯೇ ಒಂದು ಗೂಡ್ಸುಕಟ್ಟೆ. ಯಾವ ಬಂಡಿಯನ್ನು ಮೊದಲು ಬಿಡಿಸಬೇಕು, ಎಂಜಿನು ಯಾವ ಕಡೆಯಿಂದ ಬಂದರೆ ದಾರಿ ತೆರವಾಗುತ್ತದೆ ಎಂಬ ಲೆಕ್ಕವನ್ನು ಆಡುವವನೇ ಹಾಕಬೇಕಾಗಿತ್ತು. ಲಿವರ್‌ಪೂಲಿನ ಬಂದರೇ ಮೊಣಕಾಲೆತ್ತರಕ್ಕೆ ಇಳಿದು ಬಂದಂತೆ! 1925ರಲ್ಲಿ ವಿದ್ಯುತ್ತಿನಿಂದ ಓಡುವ ರೈಲೂ ಸೇರಿಕೊಂಡಿತು.

ಹಾರ್ನ್‌ಬಿಯ ಜಾಹೀರಾತುಗಳು ಬಹುಮಟ್ಟಿಗೆ ಗಂಡುಹುಡುಗರನ್ನೇ ಕುರಿತು ಮಾತನಾಡಿದವು ಎಂಬುದನ್ನು ಮರೆಮಾಚಲಾಗದು. ಬಿನ್ಸ್ ರಸ್ತೆಯ ಕಾರ್ಖಾನೆಯಲ್ಲಿ ಆ ತುಂಡುಗಳನ್ನು ತಯಾರಿಸಿದ ಕೈಗಳಲ್ಲಿ ಬಹಳಷ್ಟು ಹೆಂಗಸರ ಕೈಗಳು. ಯಂತ್ರದ ಆಟ ಹುಡುಗಿಯರಿಗಲ್ಲವೆಂಬ ಆ ಕಾಲದ ಭಾವನೆಯನ್ನು ಹೊಸದನ್ನು ಕಂಡುಹಿಡಿದ ಈ ಮನುಷ್ಯನೂ ಪ್ರಶ್ನಿಸಲಿಲ್ಲ.

ಆಟಿಕೆ ಆಟದ ಕೋಣೆಯಲ್ಲಿಯೇ ಉಳಿಯಲಿಲ್ಲ. 1934ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಡಗ್ಲಸ್ ಹಾರ್ಟ್ರೀ ಮತ್ತು ಅವನ ಶಿಷ್ಯ ಆರ್ಥರ್ ಪೋರ್ಟರ್, ಕಠಿಣವಾದ ಸಮೀಕರಣಗಳನ್ನು ಬಿಡಿಸುವ ಯಂತ್ರದ ಮಾದರಿಯೊಂದನ್ನು ಬಹುಪಾಲು ಮೆಕ್ಯಾನೋ ಭಾಗಗಳಿಂದಲೇ ನಿರ್ಮಿಸಿದರು. ಅಂಗಡಿಯಲ್ಲಿ ಮಾರುತ್ತಿದ್ದ ಗಾಲಿ ಹಲ್ಲುಗಳು ವಿಜ್ಞಾನದ ಕೆಲಸಕ್ಕೆ ಸಾಕಷ್ಟು ನಿಖರವಾಗಿದ್ದವು.

ಹಾರ್ನ್‌ಬಿ 1931ರಿಂದ 1935ರವರೆಗೆ ಎವರ್ಟನ್ ಕ್ಷೇತ್ರದಿಂದ ಪಾರ್ಲಿಮೆಂಟಿನ ಸದಸ್ಯನಾಗಿದ್ದನು. 1936ರ ಸೆಪ್ಟೆಂಬರ್ 21ರಂದು ಅವನು ನಿಧನನಾದನು. ಎರಡು ವರ್ಷಗಳ ಅನಂತರ, 1938ರಲ್ಲಿ, ಅವನ ಕಾರ್ಖಾನೆಯಿಂದ ಹಾರ್ನ್‌ಬಿ ಡಬ್ಲೋ ಎಂಬ ಹೊಸ ರೈಲು ಹೊರಬಂದಿತು. ಅದರ ಹಳಿಗಳ ಅಂತರ 16.5 ಮಿಲಿಮೀಟರು ಮಾತ್ರ. ಕೋಣೆಯ ನೆಲವನ್ನೆಲ್ಲ ಬೇಡುತ್ತಿದ್ದ ರೈಲುಮಾರ್ಗ, ನಿಲ್ದಾಣ ಕವಲುಗಳ ಸಮೇತ, ಇನ್ನು ಊಟದ ಮೇಜಿನ ಮೇಲೆ ಹಿಡಿಸುವಂತಾಯಿತು.